ಔಷಧಾಲಯದ ಜಗಲಿಯಲ್ಲಿ ದಿನಕ್ಕೊಂದು ಕೀರ್ತನೆ

ನೂರ ಹತ್ತೊಂಬತ್ತನೆಯ ಕೀರ್ತನೆಯ ದಿನ ಹನೂರಿನಲ್ಲಿ ಯಾರಿಗೂ ಜ್ವರ ಬರುತ್ತಿರಲಿಲ್ಲ. ಹಿಂದಿನ ದಿನ ಕಂಬಳಿ ಹೊದ್ದು ಗಡಗಡ ನಡುಗಿದವರೂ ಅಂದು ಹೊಲದ ಕಡೆ ಕಾಣಿಸಿಕೊಳ್ಳುತ್ತಿದ್ದರು. ಕಾರಣ ಇಷ್ಟೇ. ಅಲ್ಲಿನ ಮಿಷನ್ ಔಷಧಾಲಯದ ಕಂಪೌಂಡರು ಔಷಧಿ ಕೊಡುವ ಮೊದಲು, ಜಗಲಿಯಲ್ಲಿ ಸರದಿ ಕಾಯುತ್ತ ಕೂತವರಿಗೆ ಬೈಬಲಿನ ಕೀರ್ತನೆಯೊಂದನ್ನು ಗಟ್ಟಿಯಾಗಿ ಓದುತ್ತಿದ್ದರು. ದಿನಕ್ಕೆ ಒಂದು, ಒಟ್ಟು ನೂರ ಐವತ್ತು. ಅದರಲ್ಲಿ ಈ ನೂರ ಹತ್ತೊಂಬತ್ತನೆಯದಕ್ಕೆ ನೂರ ಎಪ್ಪತ್ತಾರು ಸಾಲು. ಒಂದನ್ನೂ ಬಿಡದೆ ಓದುವುದು ಅವರ ಪದ್ಧತಿ.

ಅವರು ತೀರಿಕೊಂಡರೆಂದು ಹೋದ ತಿಂಗಳು ಯಳಂದೂರಿನ ಬಸ್ಸಿನಲ್ಲಿ ಪರಿಚಯದವರೊಬ್ಬರು ಹೇಳಿದರು. ನನ್ನ ಬಾಯಿಂದ ಮೊದಲು ಬಂದ ಮಾತು, "ಅವತ್ತು ಎಷ್ಟನೇದು?" ಹೇಳಿದವರು ನನ್ನ ಮುಖ ನೋಡಿದರು. ಸಾವಿನ ಸುದ್ದಿಗೆ ಇದೆಂಥ ಪ್ರಶ್ನೆ ಅನ್ನಿಸಿರಬೇಕು. ಹನೂರಿನವರಾಗಿದ್ದರೆ ತಕ್ಷಣ ಉತ್ತರ ಹೇಳುತ್ತಿದ್ದರು. ಇವರು ಮಾಂಬಳ್ಳಿಯವರು, ಪಾಪ, ಅವರಿಗೆ ಏನು ಗೊತ್ತು.

ನಾನು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ ಹನೂರಿನ ಶಾಲೆಗೆ ಹೋದಾಗ ನನಗೆ ಇಪ್ಪತ್ತೆರಡು. ಹನೂರು ಅಂದರೆ ಆಗ ಚಳಿಜ್ವರದ ತವರು. ಅಲ್ಲಿಗೆ ವರ್ಗವಾದವರನ್ನು ಜನ ಅರ್ಧ ಸತ್ತವರಂತೆ ಬೀಳ್ಕೊಡುತ್ತಿದ್ದರು. ನಮ್ಮಪ್ಪ ಮಗ್ಗದ ಗುಂಡಿಯಿಂದ ಏಳದೆಯೇ, "ಅಳ್ತಾ ಕೂರಬ್ಯಾಡ ಕಣ್ಲಾ, ಗಂಡ್ಸು ನೀನು" ಅಂದರು. ಅಷ್ಟನ್ನೇ ಬುತ್ತಿ ಕಟ್ಟಿಕೊಂಡು ಹೊರಟೆ. ಔಷಧಾಲಯದ ಪಕ್ಕದ ಮನೆಯ ಮುಂಭಾಗದ ಕೋಣೆ ಬಾಡಿಗೆಗೆ ಸಿಕ್ಕಿತು. ಹೀಗಾಗಿ ಬೆಳಗಾದರೆ ನನಗೆ ಕೋಳಿಯ ಕೂಗು ಒಂದು, ಕಂಪೌಂಡರ ಕೀರ್ತನೆ ಇನ್ನೊಂದು.

ಸಣಕಲು ಮನುಷ್ಯ. ಉದ್ದ ತೋಳಿನ ಬಿಳಿ ಕೋಟು, ಅದರ ಜೇಬಿನಲ್ಲಿ ಸೀಸೆಗೆ ಅಂಟಿಸುವ ಕಾಗದದ ಪಟ್ಟಿ ಕತ್ತರಿಸಲು ಒಂದು ಕತ್ತರಿ. ಜನ ಮನೆಯಿಂದಲೇ ಸೀಸೆ ತರಬೇಕು. ಅವರು ಅದಕ್ಕೆ ಮಿಕ್ಸ್ಚರು ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ತಿಳಿಯಲು ಪಟ್ಟಿಯ ಅಂಚಿನಲ್ಲಿ ಕಚ್ಚು ಮಾಡಿ ಅಂಟಿಸಿ ಕೊಡುತ್ತಿದ್ದರು. ವಾರಕ್ಕೊಂದು ಸಲ ಕೊಳ್ಳೇಗಾಲದಿಂದ ಡಾಕ್ಟರು ಬರುತ್ತಿದ್ದರು. ಉಳಿದ ದಿನವೆಲ್ಲ ಕಂಪೌಂಡರದೇ ರಾಜ್ಯ. ಅವರಿಗೊಂದು ಹೆಸರಿತ್ತು, ಊರಿನಲ್ಲಿ ಅದನ್ನು ಯಾರೂ ಬಳಸಲಿಲ್ಲ, ನಾನೂ ಬಳಸುವುದಿಲ್ಲ.

ಭಾನುವಾರ ಬಿಟ್ಟು ದಿನಕ್ಕೊಂದರಂತೆ ಓದಿದರೆ ಆರು ತಿಂಗಳಿಗೆ ನೂರ ಐವತ್ತೂ ಮುಗಿದು ಮತ್ತೆ ಒಂದನೆಯದು. ನಾನು ಹೋಗುವ ಹೊತ್ತಿಗೆ ಈ ಚಕ್ರ ಎಷ್ಟೋ ಸುತ್ತು ತಿರುಗಿತ್ತು. ಊರಿನವರು ಅದನ್ನು ಪಂಚಾಂಗದಂತೆ ಬಳಸುತ್ತಿದ್ದರು. "ನಮ್ ಎಮ್ಮೆ ಕರ ಆಕಿದ್ದು ಇಪ್ಪತ್ಮೂರನೇ ದಿನ ಕಣವ್ವ" ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಮಾತಾಡುವುದನ್ನು ನಾನೇ ಕೇಳಿದ್ದೇನೆ. ನೂರ ಹದಿನೇಳನೆಯದಕ್ಕೆ ಎರಡೇ ಸಾಲು. ಆ ದಿನ ಜಗಲಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಉದ್ದನೆಯ ದಿನ ಮಾತ್ರ ಮೂರೋ ನಾಲ್ಕೋ ಜನ. ಕಂಪೌಂಡರಿಗೆ ಅದರಿಂದ ಬೇಸರವೇನೂ ಇರಲಿಲ್ಲ. "ನಿಜವಾದ ರೋಗಿ ಯಾರು ಅಂತ ಗೊತ್ತಾಗೋದು ಇವತ್ತೊಂದೇ ದಿನ ಮೇಷ್ಟ್ರೇ" ಎನ್ನುತ್ತಿದ್ದರು.

ಅವರ ಹೆಂಡತಿ ಸತ್ಯಮಂಗಲದ ಕಡೆಯ ತಮಿಳಿನವರು. ಕನ್ನಡ ಕಲಿತದ್ದು ಹನೂರಿನ ಜಗಲಿಯಲ್ಲೇ, ಬೈಗುಳದಿಂದ ಶುರುಮಾಡಿ. ಜನ ತಂದ ಸೀಸೆಗಳನ್ನು ಬೂದಿ ಹಾಕಿ ತೊಳೆಯುವುದು ಅವರ ಕೆಲಸ. ಗಂಡ ಓದುತ್ತಿರುವಾಗಲೇ ಒಳಗಿನಿಂದ, "ಎನ್ನಂಗ, ನೀವು ಮುಗಿಸೋ ಒತ್ಗೆ ಅವ್ರ ಜ್ವರ ತಾನೇ ಬುಟ್ಟು ಓಡೋಗ್ತದೆ" ಎಂದು ಕೂಗುವರು. ಜಗಲಿಯೆಲ್ಲ ನಗುವುದು. ಕಂಪೌಂಡರು ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡು, ನಗು ನಿಲ್ಲುವವರೆಗೂ ಕಾದು, ಬಿಟ್ಟ ಕಡೆಯಿಂದಲೇ ಮುಂದುವರಿಸುವರು.

ಅವರಿಗಿದ್ದ ಹಟ ಒಂದೇ: ಆರಿಸಬಾರದು. ಇವತ್ತು ಯಾವುದರ ಸರದಿಯೋ ಅದೇ. ಇದರಿಂದ ಆದ ಅನಾಹುತಗಳಿಗೆ ಲೆಕ್ಕವಿಲ್ಲ. ಒಮ್ಮೆ ಹೆಂಡತಿಯ ತಮ್ಮನ ಮದುವೆ ಕೊಳ್ಳೇಗಾಲದಲ್ಲಿ ನಡೆಯಿತು. ಪಾದ್ರಿಗಳು ಇವರನ್ನು ಕರೆದು, ವಧೂವರರಿಗೆ ಒಂದು ಕೀರ್ತನೆ ಓದಿ ಅಂದರು. ಅವತ್ತು ಎಂಬತ್ತೆಂಟನೆಯದು. ನೂರ ಐವತ್ತರಲ್ಲಿ ಅದರಷ್ಟು ಕತ್ತಲೆಯದು ಇನ್ನೊಂದಿಲ್ಲ. ಗೋರಿ, ಗುಂಡಿ, ದೂರವಾದ ಸ್ನೇಹಿತರು. ಕೊನೆಗಾದರೂ ಒಂದು ಸಮಾಧಾನದ ಮಾತು ಬರುತ್ತದೆ ಎಂದು ಕಾದರೆ ಅದೂ ಇಲ್ಲ. ಇವರು ಹೂವಿನ ಹಾರದ ಮುಂದೆ ನಿಂತು ಅದನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. ಹೆಣ್ಣಿನ ತಾಯಿ ಅತ್ತರು. ಮದುಮಗ ಬೆವರಿದ. ಹೆಂಡತಿ ಮೂರು ದಿನ ಇವರ ಜೊತೆ ಮಾತು ಬಿಟ್ಟರು.

"ಬೇರೆ ಸಿಗಲಿಲ್ಲವೆ ಸಾರ್ ನಿಮಗೆ?" ಎಂದು ಆಮೇಲೆ ನಾನು ಕೇಳಿದೆ.

"ಆರಿಸ್ಕೊಂಡು ಓದೋಕೆ ಇದೇನು ಬದನೇಕಾಯಾ ಮೇಷ್ಟ್ರೇ?" ಅಂದರು. "ನನ್ನ ಬುದ್ಧಿ ನನಗೆ ಗೊತ್ತು. ಆರಿಸೋಕೆ ಬಿಟ್ರೆ ಸಿಹಿಯಾದ ಹತ್ತನ್ನೇ ತಿರುಗಿಸಿ ತಿರುಗಿಸಿ ಓದ್ತೀನಿ. ನಮ್ಮಪ್ಪ ಹಾಗೇ ಓದ್ತಿದ್ರು. ಮನೇಲಿ ಸಾವಾದಾಗ ಅವ್ರ ಬಾಯಲ್ಲಿ ಒಂದು ಮಾತಿರಲಿಲ್ಲ. ಕಷ್ಟದ ಮಾತು ಅಭ್ಯಾಸ ಇರಲಿಲ್ಲ, ಅದಕ್ಕೆ. ಆ ಹುಡುಗ ಎಂಬತ್ತೆಂಟು ಕೇಳಿಸ್ಕೊಂಡೂ ಮದುವೆ ಆದ ನೋಡಿ, ಇನ್ನು ಯಾವುದಕ್ಕೂ ಹೆದರೋದಿಲ್ಲ" ಎಂದರು.

ಜಗಲಿಯ ಹಿರಿಯ ಸದಸ್ಯರು ಮರಿಮಾದಪ್ಪನವರು. ಧನಗೆರೆಯ ಜಮೀನ್ದಾರರು, ಹೆಂಡತಿ ಹೋದ ಮೇಲೆ ಮಗಳ ಮನೆಯಲ್ಲಿರಲು ಹನೂರಿಗೆ ಬಂದವರು. ಹಣೆಯ ತುಂಬ ವಿಭೂತಿ, ಹೊಟ್ಟೆಯಲ್ಲಿ ಹಳೆಯ ಚಳಿಜ್ವರದಿಂದ ಊದಿದ ಜ್ವರಗಡ್ಡೆ, ಮನಸ್ಸಿನಲ್ಲಿ ದಾಯಾದಿಯ ಮೇಲಿನ ಹಗೆ. ಒಂದು ಬದುವಿನ ವಿಷಯಕ್ಕೆ ಕೊಯಮತ್ತೂರಿನ ಕೋರ್ಟಿನವರೆಗೆ ಹೋಗಿ ಸೋತಿದ್ದರು. ನೂರ ಒಂಬತ್ತನೆಯ ಕೀರ್ತನೆ ಮೊದಲ ಸಲ ಕಿವಿಗೆ ಬಿದ್ದ ದಿನ ಅವರ ಮುಖ ಅರಳಿತಂತೆ. ಅದರಲ್ಲಿ ವೈರಿಗೆ ಹಾಕುವ ಶಾಪ ಒಂದೆರಡಲ್ಲ. ಆಯುಸ್ಸು ಕಡಿಮೆಯಾಗಲಿ ಎನ್ನುವುದರಿಂದ ಹಿಡಿದು ಮನೆಮಠ ಹಾಳಾಗಲಿ ಎನ್ನುವವರೆಗೆ ಎಲ್ಲ ಇದೆ. ಮುಂದಿನ ಸುತ್ತಿನಲ್ಲಿ ಅದರ ಸರದಿ ಬಂದಾಗ ಅವರು ಎರಡು ಸೀಸೆ ತಂದರು. ಆ ದಿನದ ಮಿಕ್ಸ್ಚರಿಗೆ ಕಸುವು ಜಾಸ್ತಿ ಎಂಬುದು ಅವರ ನಂಬಿಕೆ.

"ಸಾ, ಆ ಪದಾನ ಇನ್ನೊಂದ್ಸಲ ಓದಿ. ಒಸಿ ನಿಧಾನುಕ್ಕೆ" ಅಂದರು.

"ಯಾಕೆ ಯಜಮಾನ್ರೇ?"

"ನಮ್ ದಾಯಾದಿ ಎಸ್ರ ಮನ್ಸಲ್ಲಿ ಸೇರುಸ್ಕತೀನಿ. ಕೋಲ್ಟ್ಗೆ ಓಗದ್ಕಿಂತ ಇದೇ ವಾಸಿ."

ಕಂಪೌಂಡರು ಪುಸ್ತಕ ಮುಚ್ಚಿದರು. "ಸೇರಿಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಈ ಹಾಡು ಕಟ್ಟಿದವನು ಬೈದಿದ್ದಷ್ಟನ್ನೂ ದೇವರ ಮುಂದೆ ಸುರಿದು ಬರಿಗೈಲಿ ಮನೆಗೆ ಹೋದ. ದೊಣ್ಣೆ ಹಿಡ್ಕೊಂಡು ಬದುವಿನ ಹತ್ರ ಹೋಗಲಿಲ್ಲ. ನೀವೂ ಹಾಗೇ ಮಾಡೋದಾದ್ರೆ ಮೂರು ಸಲ ಬೇಕಾದ್ರೂ ಓದ್ತೀನಿ."

ಮರಿಮಾದಪ್ಪನವರು ಯೋಚಿಸಿದರು. "ಅಂಗಾರೆ ಒಂದ್ಸಲಾನೆ ಸಾಕು ಬುಡಿ" ಅಂದರು. ಸೀಸೆ ಮಾತ್ರ ಎರಡನ್ನೂ ತುಂಬಿಸಿಕೊಂಡೇ ಹೋದರು.

ನನಗೂ ಹನೂರು ತನ್ನ ಕಾಣಿಕೆ ಕೊಡದೆ ಬಿಡಲಿಲ್ಲ. ಆರನೆಯ ತಿಂಗಳಿಗೆ ಚಳಿಜ್ವರ ಹಿಡಿಯಿತು. ಕೋಣೆಯಲ್ಲಿ ಒಬ್ಬನೇ. ಮೂಳೆಮೂಳೆಯೂ ಬೇರೆಯಾದಂತೆ ನೋವು. ಜ್ವರ ಬಿಟ್ಟಾಗ ಬೆವರು, ಏರಿದಾಗ ಅಳು. ನನಗೆ ಜ್ವರಕ್ಕಿಂತ ಆ ಅಳುವಿನದೇ ನಾಚಿಕೆ. ಅಪ್ಪನ ಮಾತು ನೆನಪಾಗಿ ಇನ್ನಷ್ಟು ಅಳು ಬರುತ್ತಿತ್ತು. ಬೆಳಗಿನ ಜನ ಖಾಲಿಯಾದ ಮೇಲೆ ಕಂಪೌಂಡರು ಮಿಕ್ಸ್ಚರು ತಂದು ಕುಡಿಸಿ, ಪೆಟ್ಟಿಗೆಯ ಮೇಲೆ ಕೂತು, ಕೋಟಿನಿಂದ ಪುಸ್ತಕ ತೆಗೆದರು.

"ಬೇಡ ಸಾರ್" ಅಂದೆ. "ತಲೆ ಸಿಡೀತಿದೆ."

"ಇವತ್ತಿನದು ನಿಮಗೆ ತಪ್ಪಿಹೋಯ್ತಲ್ಲ. ಸಣ್ಣದು. ಆರನೇದು."

ಓದಿದರು. ಮೂಳೆಗಳು ನಡುಗುತ್ತಿವೆ ಎಂದು ಆ ಕೀರ್ತನೆ ಕಟ್ಟಿದ ದಾವೀದ ರಾಜ ಹೇಳುತ್ತಾನೆ. ನರಳಿ ನರಳಿ ಸೋತೆ ಅನ್ನುತ್ತಾನೆ. ರಾತ್ರಿಯೆಲ್ಲ ಅತ್ತು ಹಾಸಿಗೆ ತೊಯ್ದು ಹೋಯಿತಂತೆ, ಕಣ್ಣು ಮಂಜಾಯಿತಂತೆ. ಕಂಪೌಂಡರು ಓದುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಮೂಳೆ ನೋವು. ರಾತ್ರಿ ಹೊತ್ತು ಹಾಸಿಗೆ ಒದ್ದೆ. ಕಣ್ಣು ಗುಳಿ. ಮಲೇರಿಯಾನೇ ಇದು, ಸಂಶಯವೇ ಬೇಡ. ಪಾಪ ದಾವೀದನಿಗೆ ಕ್ವಿನೈನ್ ಸಿಗಲಿಲ್ಲ."

ಆ ಸ್ಥಿತಿಯಲ್ಲೂ ನಾನು ನಕ್ಕೆ. ನಕ್ಕದ್ದರಿಂದ ಕೆಮ್ಮು ಬಂದು ಮಿಕ್ಸ್ಚರು ಅರ್ಧ ಹೊರಗೆ ಹೋಯಿತು; ಅದಕ್ಕೆ ಬೈಸಿಕೊಂಡೆ. ಆದರೆ ಅಂದಿನಿಂದ ಅಳುವುದಕ್ಕೆ ನಾಚಿಕೆ ಹೋಯಿತು. ಕಿರೀಟ ಇಟ್ಟುಕೊಂಡವನೇ ಹಾಸಿಗೆ ತೋಯಿಸಿ, ಅದನ್ನು ಹಾಡು ಕಟ್ಟಿ ಊರಿಗೆಲ್ಲ ಹೇಳಿದ್ದಾನೆ. ನಾನು ಮಗ್ಗದವರ ಹುಡುಗ, ಕೋಣೆಯ ಬಾಗಿಲು ಹಾಕಿಕೊಂಡು ಅತ್ತರೆ ಏನಂತೆ. ನಾನು ಅವರ ಮತಕ್ಕೆ ಸೇರಲಿಲ್ಲ, ಸೇರು ಎಂದು ಅವರು ಹೇಳಲೂ ಇಲ್ಲ. ಆದರೆ ದೇವರ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ನಿಲ್ಲಬಹುದು, ಕೇಳಬೇಕಾದ್ದನ್ನು ಕೇಳಿಬಿಡಬಹುದು ಎಂಬುದನ್ನು ಕಲಿತದ್ದು ಅವರಿಂದಲೇ. ಈಗಲೂ ನಮ್ಮ ಮನೆದೇವರ ಮುಂದೆ ನಾನು ಒಂದೊಂದು ದಿನ ಕೈಮುಗಿಯುವುದಕ್ಕಿಂತ ಹೆಚ್ಚಾಗಿ ತಕರಾರು ಮಾಡುತ್ತೇನೆ.

ಯುದ್ಧ ಬಲಿಯುತ್ತ ಹೋದಂತೆ ಕ್ವಿನೈನ್ ಬರುವುದು ಕಡಿಮೆಯಾಯಿತು. ತಿಂಗಳಿಗೊಂದು ಬರುತ್ತಿದ್ದ ಪೆಟ್ಟಿಗೆ ಎರಡು ತಿಂಗಳಿಗೆ ಬಂತು, ಆಮೇಲೆ ಬಂದಾಗ ಬಂತು. ಕಂಪೌಂಡರು ಅದಕ್ಕೂ ಸರದಿಯನ್ನೇ ಹಿಡಿದರು. ಮೊದಲು ಬಂದವರಿಗೆ ಮೊದಲು. ಸಾಹುಕಾರ, ತಹಸೀಲ್ದಾರರ ಆಳು ಎಂಬ ಭೇದವಿಲ್ಲ. ಹೀಗಿರುವಾಗ ಒಂದು ಮಂಗಳವಾರ, ಎಂಟನೆಯ ಕೀರ್ತನೆ ಮುಗಿದು ಅವರು ತಲೆಯೆತ್ತಿ ನೋಡಿದರೆ, ಸರದಿಯ ಆರನೆಯ ಜಾಗದಲ್ಲಿ ಕೈಯಲ್ಲಿ ಸೀಸೆ ಹಿಡಿದು ಅವರ ಹೆಂಡತಿಯೇ ನಿಂತಿದ್ದರು. ಸೆರಗು ಹೊದ್ದುಕೊಂಡು ನಡುಗುತ್ತಿದ್ದರು.

"ಇದೇನೇ?" ಅಂದರು ಕಂಪೌಂಡರು.

"ಮನೆಯವ್ಳು ಅಂತ ಒಳಗಿಂದ ಕೊಟ್ರೆ ಊರು ಏನಂತದೆ? ಅದಕ್ಕೇ ಸರದೀಲಿ ಬಂದೆ. ಸೀಸೆ ತೊಳ್ದಿದೀನಿ, ನೋಡ್ಕಳಿ."

ಜಗಲಿ ನಕ್ಕಿತು. ಅವರನ್ನು ಎಲ್ಲರೂ ಸೇರಿ ಮುಂದಕ್ಕೆ ನೂಕಿದರು. ಅವರು ಒಪ್ಪದೆ ಆರನೆಯವರಾಗಿಯೇ ಔಷಧಿ ತೆಗೆದುಕೊಂಡರು. ನನಗೂ ತಮಾಷೆಯಾಗಿಯೇ ಕಂಡಿತು. ಗುರುವಾರದ ಹೊತ್ತಿಗೆ ಜ್ವರ ತಲೆಗೇರಿತು. ಆಕೆ ಕನ್ನಡ ಮರೆತು ತಮಿಳಿನಲ್ಲಿ ತನ್ನ ತಾಯಿಯನ್ನು ಕರೆಯತೊಡಗಿದರು. ಡಾಕ್ಟರನ್ನು ಕರೆಸಿದರು, ಸೂಜಿ ಹಾಕಿದರು. ಹೊರಗೆ ಕಂಪೌಂಡರು ಹತ್ತನೆಯದನ್ನು ಓದಿದರು. ಯಾಕೆ ದೂರ ನಿಂತಿದ್ದೀಯೆ, ಕಷ್ಟ ಬಂದಾಗಲೇ ಯಾಕೆ ಅಡಗಿಕೊಳ್ಳುತ್ತೀಯೆ ಎಂದು ಶುರುವಾಗುವ ಕೀರ್ತನೆ ಅದು. ಅವತ್ತು ಅದನ್ನು ಅವರು ಓದಿದರು ಎನ್ನುವುದಕ್ಕಿಂತ ದೇವರನ್ನೇ ಕೇಳಿದರು ಅನ್ನಬೇಕು. ಶನಿವಾರ ಮಧ್ಯಾಹ್ನ ಆಕೆ ಹೋದರು. ಭಾನುವಾರ ಮಣ್ಣು ಮಾಡಿದೆವು. ವಿಭೂತಿಯವರು, ನಾಮದವರು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು.

ಸೋಮವಾರ ಬೆಳಿಗ್ಗೆ ಊರಿಗೆ ಒಂದೇ ಚಿಂತೆ: ಬಾಗಿಲು ತೆಗೆಯುತ್ತಾರೋ ಇಲ್ಲವೋ. ತೆಗೆಯದಿದ್ದರೆ ಜ್ವರದವರ ಗತಿಯೇನು ಎಂಬುದು ಒಂದು. ಆದರೆ ಜನರ ಮನಸ್ಸಿನಲ್ಲಿದ್ದದ್ದು ಅದಲ್ಲ. ಇಷ್ಟು ವರ್ಷ ಎಲ್ಲರ ಮನೆಯ ಸಾವಿನ ಮಾರನೆಯ ದಿನವೂ ಪುಸ್ತಕ ಬಿಚ್ಚಿ ಓದಿದ ಮನುಷ್ಯ, ತನ್ನ ಮನೆಯದಾದಾಗ ಓದಬಲ್ಲನೇ? ಓದಲಾರದೆ ಕೈಬಿಟ್ಟರೆ, ಇಷ್ಟು ದಿನ ನಾವು ಕೇಳಿದ್ದೆಲ್ಲ ಏನಾಗಬೇಕು? ನಾನಂತೂ ಶಾಲೆಯ ಗಂಟೆಯನ್ನು ಹುಡುಗರಿಗೆ ಬಿಟ್ಟು ಜಗಲಿಯಲ್ಲಿ ಬಂದು ಕೂತೆ. ಜ್ವರವಿಲ್ಲದವರೂ ಬಂದಿದ್ದರು.

ಬಾಗಿಲು ತೆರೆಯಿತು. ಕೋಟು ಹಾಕಿದ್ದರು, ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಪುಸ್ತಕ ಬಿಚ್ಚಿ, "ಹದಿಮೂರನೇದು" ಅಂದರು. ಆಮೇಲೆ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಇನ್ನೊಮ್ಮೆ ತೆರೆದರು. ನಾನು ನೆಲ ನೋಡುತ್ತ ಕೂತೆ. ಎದ್ದು ಹೋಗಿ ಓದಿಕೊಡಬೇಕು ಅನ್ನಿಸಿತು, ಮೇಷ್ಟ್ರಲ್ಲವೇ ನಾನು, ಆದರೆ ಏಳಲಿಲ್ಲ.

ಕಂಬಕ್ಕೆ ಒರಗಿದ್ದ ಮರಿಮಾದಪ್ಪನವರು ಗಂಟಲು ಸರಿಮಾಡಿಕೊಂಡರು.

"ಕೂತ್ಕಳಿ ಸಾ. ಇದು ನಂಗೊತ್ತು."

ಕಂಪೌಂಡರು ಕೂರಲಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡು ಶುರುಮಾಡಿದರು. ಪುಸ್ತಕದ ಕನ್ನಡದಲ್ಲಿ ಅಲ್ಲ, ತಮ್ಮದೇ ಕನ್ನಡದಲ್ಲಿ.

"ಏನಪ್ಪಾ, ಇನ್ನೂ ಎಷ್ಟು ದಿನ ನನ್ನ ಮರ್ತಿರೀಯೆ? ಒಂದೇ ಸಲುಕ್ಕೆ ಮರ್ತ್ಬುಟ್ಯಾ? ಎಷ್ಟು ದಿನ ಮಕವ ಅತ್ಲಾಗಿ ತಿರುಕ್ಕಂಡು ಕೂತಿರೀಯೆ? ದಿನಾ ಬೆಳಗಾದ್ರೆ ಈ ಸಂಕ್ಟವ ಎದೆವೊಳ್ಗೆ ಒತ್ಕಂಡು ತಿರುಗ್ನಾ? ಇತ್ಲಾಗ್ ನೋಡು. ಒಂದ್ ಮಾತಾಡು. ಕಣ್ಗೆ ಒಸಿ ಬೆಳ್ಕ ಕೊಡು, ಇಲ್ದಿದ್ರೆ ನಾನೂ ಸತ್ತೋಯ್ತೀನಿ. ಆಗ್ದವ್ರು ನೋಡಿ, ಬಿದ್ದೋದ ಅಂತ ನಗ್ತಾರೆ."

"ತಾತ, 'ಮನ್ಸಲ್ಲೇ ಎಷ್ಟು ದಿನ ಗುಣಾಕಾರ ಆಕ್ತಾ ಇರ್ಲಿ' ಅನ್ನದ ಬುಟ್ಬುಟ್ರಿ" ಎಂದು ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಮೆಲ್ಲಗೆ ಅಂದಳು. ಯಜಮಾನರು ತಲೆಯಾಡಿಸಿ ಅದನ್ನೂ ಸೇರಿಸಿ ಹೇಳಿದರು. ಹೇಳಿ ನಿಲ್ಲಿಸಿದರು.

ಕಂಪೌಂಡರು ಪುಸ್ತಕದಿಂದ ಕಣ್ಣೆತ್ತದೆ, "ಇನ್ನೂ ಎರಡು ಸಾಲಿದೆ" ಅಂದರು. ಆ ದಿನ ಅವರ ಬಾಯಿಂದ ಬಂದ ಮೊದಲ ನೆಟ್ಟಗಿನ ಮಾತು ಅದು.

"ಗೊತ್ತು ಸಾ. ಬೇಕು ಅಂತ್ಲೇ ನಿಲ್ಲುಸ್ದೆ. ಅದ ನಾವು ಯೋಳದಲ್ಲ. ನಿಮ್ಗೆ ಆದಾಗ ನೀವೇ ಯೋಳಿ. ಇವತ್ತೇ ಆಗ್ಬೇಕು ಅಂತ ಏನಿಲ್ಲ."

ಆ ಎರಡು ಸಾಲು ನಮಗೆಲ್ಲ ಗೊತ್ತಿತ್ತು. ನಿನ್ನ ಪ್ರೀತಿಯನ್ನೇ ನಾನು ನಂಬಿದ್ದೇನೆ ಎಂಬುದು ಒಂದು. ನೀನು ನನಗೆ ಒಳ್ಳೆಯದನ್ನೇ ಮಾಡಿದ್ದೀಯೆ, ಅದಕ್ಕಾಗಿ ಹಾಡುತ್ತೇನೆ ಎಂಬುದು ಇನ್ನೊಂದು. ಕಂಪೌಂಡರು ಮೊದಲನೆಯದನ್ನು ಓದಿದರು. ಎರಡನೆಯದರ ಮೇಲೆ ಬೆರಳು ಇಟ್ಟುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಪುಸ್ತಕ ಮುಚ್ಚಿ, "ಇದು ನಾಳೆಗಿರಲಿ" ಎಂದು ಹೇಳಿ ಔಷಧಿ ಕೊಡಲು ಒಳಗೆ ಹೋದರು. ಮದುವೆ ಮನೆಯಲ್ಲೂ ಸಾಲು ಬಿಡದವರು, ಬಿಟ್ಟರು.

ಮಾರನೆಯ ದಿನ ಮತ್ತೆ ಹದಿಮೂರು. ಯಜಮಾನರು ತಮ್ಮ ಪಾಲು ಹೇಳಿದರು, ಇವರು ಒಂದು ಸಾಲು ಓದಿದರು, ಇನ್ನೊಂದು ನಾಳೆಗೆ ಉಳಿಯಿತು. ಅದರ ಮಾರನೆಯ ದಿನವೂ ಅದೇ. ಇಷ್ಟು ವರ್ಷ ನಿಲ್ಲದೆ ತಿರುಗಿದ ಚಕ್ರ ಹದಿಮೂರರಲ್ಲಿ ನಿಂತುಬಿಟ್ಟಿತ್ತು. ಯಾರೂ ಗೊಣಗಲಿಲ್ಲ. ಜ್ವರ ಬಿಟ್ಟವರೂ ಸೀಸೆ ಹಿಡಿದುಕೊಂಡು ಬಂದು ಕೂತು, ಖಾಲಿ ಸೀಸೆಯನ್ನೇ ಹಿಡಿದುಕೊಂಡು ಹೋಗುತ್ತಿದ್ದರು. ಆ ಸೀಸೆಗಳನ್ನು ಈಗ ಅವರವರೇ ತೊಳೆದು ತರುತ್ತಿದ್ದರು.

ಆಕೆ ಹೋದ ಹನ್ನೊಂದನೆಯ ದಿನ ಮಂಗಳವಾರ. ಮರಿಮಾದಪ್ಪನವರು ಎಂದಿನಂತೆ ಹೇಳಿ ನಿಲ್ಲಿಸಿದರು. ಕಂಪೌಂಡರು ಮೊದಲ ಸಾಲು ಓದಿದರು. ಉಸಿರೆಳೆದುಕೊಂಡು, ಪುಸ್ತಕ ನೋಡದೆ ನಮ್ಮನ್ನು ನೋಡುತ್ತ, ಎರಡನೆಯದನ್ನೂ ಹೇಳಿದರು. ಒಂದು ಅಕ್ಷರವೂ ಬೀಳಲಿಲ್ಲ.

ನನ್ನ ಪಕ್ಕದಲ್ಲಿ ಯಾರೋ ಮೂಗು ಸೀಟಿದರು; ನಾನೇ ಇರಬಹುದು. ಮರಿಮಾದಪ್ಪನವರು ಕಂಬ ಹಿಡಿದುಕೊಂಡು ಎದ್ದು, ತಮ್ಮ ಸೀಸೆಯನ್ನು ಮುಂದಕ್ಕೆ ಚಾಚಿದರು.

"ಅಂಗಾರೆ ನಾಳೀಕೆ ಅದ್ನಾಲ್ಕು, ಅಲ್ವ ಸಾ?" ಅಂದರು.